ಒಂದೂವರೆ ಮೀಟರ್ ದಾರಿಗೊಂದು ಟ್ರ್ಯಾಕ್ಟರ್

ಮಾಲತಿಗೆ ಗಂಡನ ಮೇಲೆ ಸಿಟ್ಟು ಬಂದದ್ದು ಊರವರೆಲ್ಲ ಸೇರಿ ಕಾಲುವೆಯ ಹೂಳೆತ್ತಿದ ದಿನ. 2020ರ ಸೆಪ್ಟೆಂಬರಿನ ಒಂದು ಭಾನುವಾರ ಅದು. ಜಪಾನಿನ ನೀಗಾತಾ ಪ್ರಾಂತ್ಯದ ಬೆಟ್ಟಗಳ ನಡುವೆ ಹದಿನಾಲ್ಕೇ ಮನೆಗಳಿದ್ದ ಆ ಊರಿನ ಜನ ಮಾಸ್ಕ್ ಹಾಕಿಕೊಂಡು, ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಂತು ಸಲಿಕೆ ಆಡಿಸುತ್ತಿದ್ದರು. ಚಹಾದ ಹೊತ್ತಿನಲ್ಲಿ ಊರಿನ ಕಾಡನ್ನು ನೋಡಿಕೊಳ್ಳುವ ಸಂಘದ ಅಧ್ಯಕ್ಷ ಕೊಸುಗೆ-ಸಾನ್ ಒಂದು ಸುದ್ದಿ ಹೇಳಿದರು. ಸಂಘಕ್ಕೆ ಸರ್ಕಾರದಿಂದ ಒಂದು ಚಿಕ್ಕ ಟ್ರ್ಯಾಕ್ಟರ್ ಮಂಜೂರಾಗಿದೆ. ಬೇಸಿಗೆಯಲ್ಲಿ ದಾರಿಯ ಪೊದೆ ಸವರಲು, ಶರತ್ಕಾಲದಲ್ಲಿ ದಿಮ್ಮಿ ಎಳೆಯಲು, ಚಳಿಗಾಲದಲ್ಲಿ ಹಿಮ ಸರಿಸಲು ಅದೊಂದೇ ಆಗಬೇಕು. ಯಾವುದನ್ನು ತರಬೇಕೆಂದೇ ಗೊತ್ತಾಗುತ್ತಿಲ್ಲ.

"ನನ್ನ ಹೆಂಡತಿ ಟ್ರ್ಯಾಕ್ಟರ್ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದಳು," ಎಂದುಬಿಟ್ಟ ಪದ್ಮನಾಭ, ತನ್ನ ಜಪಾನಿ ಭಾಷೆಯನ್ನು ಮೆರೆಸುತ್ತ.

ಹದಿಮೂರು ಮನೆಗಳ ಕಣ್ಣುಗಳು ಒಟ್ಟಿಗೆ ಮಾಲತಿಯ ಕಡೆ ತಿರುಗಿದವು.

ಮನೆಗೆ ಬಂದ ಮೇಲೆ ಅವಳು ಬೂಟು ಬಿಚ್ಚದೆ ಬಾಗಿಲಲ್ಲೇ ನಿಂತಳು. "ನಿನ್ನನ್ನ ಯಾರು ಕೇಳಿದ್ರು ಪದ್ದು? ನಾನು ಆ ಕೆಲಸ ಬಿಟ್ಟು ಒಂಬತ್ತು ವರ್ಷ ಆಯ್ತು."

"ಅದಕ್ಕೇ ಹೇಳ್ದೆ. ದಿನಾ ಈ ರೋಡಲ್ಲಿ ಮೂರು ಸಲ ಮೇಲೆ ಕೆಳಗೆ ಓಡಾಡ್ತೀಯ. ಕಿಚನ್ ಡಬ್ಬಿಗಳನ್ನ ಎಷ್ಟು ಸಲ ಜೋಡಿಸಿದ್ದೀಯ, ಹೇಳು ನೋಡೋಣ. ಯು ನೀಡ್ ಸಮ್‌ಥಿಂಗ್."

ಅವನು ಹೇಳಿದ್ದು ಸುಳ್ಳಲ್ಲ, ಅದಕ್ಕೇ ಅವಳಿಗೆ ಇನ್ನಷ್ಟು ಉರಿಯಿತು. ಎಂಟು ವರ್ಷ ತ್ಸುಕುಬಾ ನಗರದಲ್ಲಿದ್ದವರು ಅವರು. ಅಲ್ಲಿ ಅವಳಿಗೆ ಸೈಕಲ್ ಇತ್ತು, ಲೈಬ್ರರಿ ಇತ್ತು, ಶನಿವಾರ ಸೇರುವ ನಾಲ್ಕು ಜನ ಕನ್ನಡದ ಗೆಳತಿಯರಿದ್ದರು. ವಸಂತದಲ್ಲಿ ಸೋಂಕು ಹಬ್ಬಿ, ಪದ್ಮನಾಭನ ಸಂಶೋಧನಾಲಯ ಮನೆಯಿಂದಲೇ ಕೆಲಸ ಮಾಡಿ ಎಂದಾಗ, ಒಂದು ವರ್ಷ ಬೆಟ್ಟದಲ್ಲಿ ನೆಮ್ಮದಿಯಾಗಿ ಇರೋಣ ಎಂದು ಅವನೇ ಈ ಖಾಲಿ ಮನೆಯನ್ನು ಬಾಡಿಗೆಗೆ ಹಿಡಿದ. ಅವನೇನೋ ಬೆಳಗ್ಗೆ ಒಂಬತ್ತಕ್ಕೆ ಕೋಣೆಯ ಬಾಗಿಲು ಸರಿಸಿಕೊಂಡು ಪರದೆಯೊಳಗಿನ ಮೀಟಿಂಗುಗಳಿಗೆ ಇಳಿದರೆ ಮುಗಿಯಿತು. ಅವಳಿಗೆ ಮಾತ್ರ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕಾಲಲ್ಲಿ ಇರುವೆ ಹರಿದಾಡಿದ ಹಾಗೆ ಆಗುತ್ತಿತ್ತು.

ಮರುದಿನವೇ ಕೊಸುಗೆ-ಸಾನ್ ಒಂದು ಕಂತೆ ಕ್ಯಾಟಲಾಗು ಹಿಡಿದು ಬಂದರು. ಎಪ್ಪತ್ತೊಂದು ವರ್ಷದ, ಕಡಿಮೆ ಮಾತಿನ ಮನುಷ್ಯ. ಒಳಗೆ ಬರದೆ ಜಗುಲಿಯ ಅಂಚಿನಲ್ಲಿ ಕೂತರು. ಮೂರು ಯಂತ್ರಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದರು. ಮೊದಲನೆಯದು ಗಾಜಿನ ಕ್ಯಾಬಿನ್, ಹೀಟರ್ ಇದ್ದ ದೊಡ್ಡದು. ಎರಡನೆಯದು ನಾಲ್ಕು ಟೈರುಗಳ ಕಿರಿದಾದ ಮಾಮೂಲಿ ಟ್ರ್ಯಾಕ್ಟರ್. ಮೂರನೆಯದಕ್ಕೆ ಮುಂದೆ ಟೈರು, ಹಿಂದೆ ಚಕ್ರದ ಬದಲು ತ್ರಿಕೋನಾಕಾರದ ರಬ್ಬರ್ ಪಟ್ಟಿ.

"ನನಗೆ ಮೊದಲನೆಯದು ಒಳ್ಳೆಯದು ಅನ್ನಿಸುತ್ತದೆ. ಚಳಿ ಇರುತ್ತದೆ, ನೋಡಿ," ಎಂದರು.

"ಮೊದಲು ದಾರಿ ನೋಡಬಹುದೇ?" ಎಂದಳು ಮಾಲತಿ. ಕೇಳಿದ ಮೇಲೆ ತನಗೇ ಆಶ್ಚರ್ಯವಾಯಿತು. ಬೇಡ ಎನ್ನಬೇಕೆಂದು ಬಾಯಿ ತೆರೆದಿದ್ದಳು.

ದಾರಿ ತೋರಿಸಲು ಬಂದವರು ಫುಮಿ-ಸಾನ್. ವಯಸ್ಸು ಅರವತ್ತೊಂಬತ್ತು, ಮಾಲತಿಯ ಭುಜದ ಎತ್ತರಕ್ಕೆ ಬರುವ ಗಟ್ಟಿ ಹೆಂಗಸು. ಊರಿನ ಕುಡಿಯುವ ನೀರು ಕಾಡಿನೊಳಗೆ ಎರಡು ಕಿಲೋಮೀಟರ್ ಮೇಲಿದ್ದ ಒಂದು ಒರತೆಯಿಂದ ಪೈಪಿನಲ್ಲಿ ಇಳಿದು ಬರುತ್ತಿತ್ತು. ಒರತೆಯ ಬಾಯಿಗೆ ಇಟ್ಟ ಜಾಲರಿಗೆ ಎಲೆಯೋ ಹಿಮವೋ ಕಟ್ಟಿಕೊಂಡರೆ ಊರಿನ ನಲ್ಲಿಗಳೆಲ್ಲ ಬತ್ತುತ್ತಿದ್ದವು. ಚಳಿಗಾಲದಲ್ಲಿ ವಾರಕ್ಕೆರಡು ಸಲ ಹತ್ತಿ ಹೋಗಿ ಜಾಲರಿ ಕೆರೆದು ಬರುವ ಕೆಲಸ ಮೂವತ್ತು ವರ್ಷ ಫುಮಿ-ಸಾನ್ ಗಂಡನದಾಗಿತ್ತು. ಅವರು ತೀರಿಕೊಂಡ ಮೇಲೆ ಆಕೆ ಯಾರನ್ನೂ ಕೇಳದೆ ಅದನ್ನು ತನ್ನದು ಮಾಡಿಕೊಂಡಿದ್ದರು.

ಕರಡಿ ದೂರವಿರಲೆಂದು ಚೀಲಕ್ಕೆ ಗಂಟೆ ಕಟ್ಟಿಕೊಂಡು ಇಬ್ಬರೂ ಸುಗಿ ಎಂಬ ಎತ್ತರದ ಮರಗಳ ಕತ್ತಲಿಗೆ ನಡೆದರು. ಮಾಲತಿ ಟೇಪು ಹಿಡಿದು ಪ್ರತಿ ತಿರುವಿನಲ್ಲೂ ಅಗಲ ಅಳೆದಳು, ಇಳಿಜಾರು ನೋಡಿದಳು, ಮರದ ಸೇತುವೆಯ ತೊಲೆಗಳನ್ನು ಕಲ್ಲಿನಿಂದ ಕುಟ್ಟಿ ಕೇಳಿದಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಹಳೆಯ ಮರ. ನಡುವೆ ಸಿಕ್ಕಿದ್ದು ಒಂದೂವರೆ ಮೀಟರಿಗಿಂತ ಒಂದು ಗೇಣು ಹೆಚ್ಚು, ಅಷ್ಟೇ. ಗಾಜಿನ ಕ್ಯಾಬಿನ್ನಿನದು ಅಲ್ಲಿಗೇ ಮುಗಿಯಿತು. ಇಳಿಯುವಾಗ ಅವಳಿಗೆ ಹಸಿವಾಗಿತ್ತು. ತಿಂಗಳುಗಟ್ಟಲೆ ಹೊತ್ತಿಗೆ ಸರಿಯಾಗಿ ತಿಂದಿದ್ದಳೇ ಹೊರತು ಹಸಿದು ತಿಂದಿರಲಿಲ್ಲ.

ಹತ್ತು ದಿನ ಕೂತು, ಕೂತಲ್ಲಿಂದ ಎದ್ದು, ಮತ್ತೆ ಕೂತು, ಎರಡು ಪುಟದ ವರದಿ ಬರೆದಳು. ಎರಡನೆಯ ಯಂತ್ರವೇ ಸರಿ. ಕಿರಿದು, ಹಗುರ, ರಿಪೇರಿ ಸುಲಭ, ಹಿಮಕ್ಕೆ ಟೈರುಗಳಿಗೆ ಸರಪಳಿ ಕಟ್ಟಿದರಾಯಿತು. ಪದ್ಮನಾಭ ಅದನ್ನು ಒಳ್ಳೆಯ ಜಪಾನಿ ಭಾಷೆಗೆ ತಿದ್ದಿಕೊಟ್ಟ. ನಿಜ ಹೇಳಬೇಕೆಂದರೆ, ರಬ್ಬರ್ ಪಟ್ಟಿಯದನ್ನು ಅವಳು ಸರಿಯಾಗಿ ಓದಿಯೇ ಇರಲಿಲ್ಲ. ಅಂಥದನ್ನು ಎಂದೂ ಓಡಿಸಿರಲಿಲ್ಲ. ತನಗೆ ಗೊತ್ತಿದ್ದುದರೊಳಗೇ ಮಾತಾಡಿದರೆ ತಪ್ಪಾಗಲಾರದು ಎಂದುಕೊಂಡಿದ್ದಳು.

ಆರಿಸಿದ ಯಂತ್ರಕ್ಕಾಗಿ ಸಂಘ ಸರ್ಕಾರಕ್ಕೆ ಕೊಡಬೇಕಿದ್ದ ಅರ್ಜಿಯ ಕೊನೆಯ ಪುಟದಲ್ಲಿ ಒಂದು ಖಾನೆಯಿತ್ತು: ಸುರಕ್ಷತೆ ಪರಿಶೀಲಿಸಿದವರ ಹೆಸರು, ಸಹಿ. ಅದನ್ನು ಕಂಡ ಕೂಡಲೇ ಅವಳ ಕೈ ನಿಂತಿತು.

ಹುಬ್ಬಳ್ಳಿ ಕಡೆಯ ಒಂದು ಸಣ್ಣ ಟ್ರ್ಯಾಕ್ಟರ್ ಕಂಪನಿಯಲ್ಲಿ ನಾಲ್ಕು ವರ್ಷ ಅವಳು ಪರೀಕ್ಷಾ ವಿಭಾಗದಲ್ಲಿದ್ದಳು. ಆ ಕಂಪನಿ ಈಗಿಲ್ಲ. 2011ರ ಒಂದು ಬೆಳಗ್ಗೆ ಇಳಿಜಾರಿನ ಪರೀಕ್ಷೆ ಇತ್ತು, ಮೇಲಿನಿಂದ ಅವಸರವಿತ್ತು. ಗಾಡಿ ಮಗುಚಿದರೆ ಚಾಲಕನನ್ನು ಉಳಿಸಲೆಂದು ಸೀಟಿನ ಹಿಂದೆ ಉಕ್ಕಿನ ಕಮಾನೊಂದು ನಿಂತಿರುತ್ತದೆ, ರೋಲ್ ಬಾರ್ ಎನ್ನುತ್ತಾರೆ. ತಗ್ಗು ಛಾವಣಿಯ ಶೆಡ್ಡಿನಿಂದ ಗಾಡಿ ಹೊರತೆಗೆಯುವಾಗ ಯಾರೋ ಅದನ್ನು ಮಡಚಿದ್ದರು. ಪರಿಶೀಲನೆಯ ಹಾಳೆಯಲ್ಲಿ "ಬಾರ್ ನಿಲ್ಲಿಸಿದೆ" ಎಂಬ ಸಾಲಿನ ಮುಂದೆ ಮಾಲತಿ ಕಚೇರಿಯಲ್ಲಿ ಕೂತೇ ಗುರುತು ಹಾಕಿ ಸಹಿ ಮಾಡಿದಳು. ಗಾಡಿ ಮಗುಚಿತು. ಚಾಲಕ ಭೀಮಸೇನ ಅವರ ಎಡಗಾಲು ಮಂಡಿಯ ಕೆಳಗೆ ಹೋಯಿತು. ಆಸ್ಪತ್ರೆಗೆ ಅವಳು ಒಂದೇ ಒಂದು ಸಲ ಹೋದಳು. ಮುಂದಿನ ವರ್ಷ ಮದುವೆಯಾಯಿತು, ಜಪಾನಿಗೆ ಬಂದಳು. "ಅಲ್ಲೊಂದು ಆಕ್ಸಿಡೆಂಟ್ ಆಯ್ತು, ಬೇಜಾರಾಗಿ ಬಿಟ್ಟೆ" ಎಂದಷ್ಟೇ ಗಂಡನಿಗೆ ಗೊತ್ತು.

ನಾಲ್ಕು ದಿನ ಆ ಖಾನೆ ಖಾಲಿ ಉಳಿಯಿತು. ಐದನೆಯ ದಿನ ಮಧ್ಯಾಹ್ನ, ಹಳೆಯ ಸಹೋದ್ಯೋಗಿಯೊಬ್ಬಳಿಂದ ನಂಬರು ಪಡೆದು, ಅಂಗಳದಲ್ಲಿ ಓಡಾಡುತ್ತಲೇ ಫೋನ್ ಮಾಡಿದಳು.

"ಯಾರ್ರೀ?"

"ಭೀಮಣ್ಣ, ನಾನು ಮಾಲತಿ. ಟೆಸ್ಟಿಂಗ್‌ನಲ್ಲಿದ್ದ ಮಾಲತಿ."

ಆ ಕಡೆ ಫ್ಯಾನ್ ಆರಿಸಿದ ಸದ್ದು ಕೇಳಿತು. "ಏನ್ ಮೇಡಮ್, ಒಂಬತ್ತ್ ವರ್ಷಕ್ಕ ನೆನಪಾತೇನು?"

ಅವಳು ಏನೇನೋ ಸಿದ್ಧಮಾಡಿಕೊಂಡಿದ್ದಳು. ಎಲ್ಲ ಮರೆತುಹೋಯಿತು. "ಆ ಶೀಟಿಗೆ ಸೈನ್ ಹಾಕಿದ್ದು ನಾನು. ಗಾಡಿ ನೋಡಿರಲಿಲ್ಲ. ಕಚೇರಿಯಲ್ಲೇ ಕೂತು ಹಾಕ್ದೆ."

"ಗೊತ್ತೈತ್ರಿ. ಅವತ್ತ ಗೊತ್ತಿತ್ತು. ಬಾರ್ ಮಡಚಿದಾಂವ ನಾನ, ಎತ್ತಿ ನಿಲ್ಸೋದು ಮರ್ತಾಂವನೂ ನಾನ. ಆದ್ರ ಒಬ್ಬಾಂವ ಮರ್ತರ ಇನ್ನೊಬ್ಬರು ನೋಡ್ಲೆಂತ ಅಲ್ಲೇನ್ರಿ ಆ ಹಾಳಿ ಇರೋದು? ಎರಡ್ ವರ್ಷ ನಿಮ್ಮ ಮ್ಯಾಲೆ ಭಾಳ ಸಿಟ್ಟಿತ್ತು." ಅವರು ಕೆಮ್ಮಿದರು. "ಈಗ ಕ್ಷಮಾ ಗಿಮಾ ಅಂತ ಫೋನಿನ್ಯಾಗ ಕೇಳಬ್ಯಾಡ್ರಿ, ನನಗ ಅದು ಹೇಳಾಕ ಬರಂಗಿಲ್ಲ. ಫೋನ್ ಯಾಕ ಮಾಡಿದ್ರಿ, ಅದನ್ನ ಹೇಳ್ರಿ."

ಅವಳು ಹೇಳಿದಳು. ದಾರಿ, ಬಂಡೆ, ಒರತೆ, ಮೂರು ಟ್ರ್ಯಾಕ್ಟರು. ಕೇಳುತ್ತ ಕೇಳುತ್ತ ಭೀಮಸೇನರ ದನಿ ಬದಲಾಯಿತು. ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದರಂತೆ. ಲಾಕ್‌ಡೌನಿನಲ್ಲಿ ಮುಚ್ಚಿದ್ದು ಈಗ ಅರ್ಧ ತೆರೆದಿದೆ, ಗಿರಾಕಿಯಿಲ್ಲ, ಕೂತು ಕೂತು ತಲೆ ಕೆಟ್ಟಿದೆ.

"ಅಲ್ಲಿ ಹಿಮ ಹೆಂಗಿರ್ತೈತಿ? ಒಣದೋ, ಹಸಿದೋ?"

ಮಾಲತಿಗೆ ಗೊತ್ತಿರಲಿಲ್ಲ. ಫೋನ್ ಹಿಡಿದುಕೊಂಡೇ ಪಕ್ಕದ ಹೊಲದಲ್ಲಿ ಮೂಲಂಗಿ ಕೀಳುತ್ತಿದ್ದ ಫುಮಿ-ಸಾನ್ ಹತ್ತಿರ ಹೋಗಿ ಕೇಳಿದಳು. "ಭಾರ," ಎಂದರು ಫುಮಿ-ಸಾನ್. "ಒದ್ದೆ ಹತ್ತಿಯ ಹಾಗೆ. ಹೋದ ವರ್ಷ ಬೀಳಲೇ ಇಲ್ಲ. ಈ ವರ್ಷ ಬೀಳುತ್ತದೆ."

"ಹಂಗಾದ್ರ ಕೆಸರಿನ್ಯಾಗ ಇಳಿಸಿ ನೋಡ್ರಿ," ಎಂದರು ಭೀಮಸೇನ. "ಹಿಮ ಬರೋತನಕ ಕಾಯಾಕ ಆಗೂದಿಲ್ಲಲ್ಲ. ಭತ್ತದ ಗದ್ದಿ ಇಲ್ಲೇನು ಅಲ್ಲಿ? ನೀರ್ ಕಟ್ರಿ, ಎರಡೂ ಗಾಡಿ ಇಳಸ್ರಿ. ಕ್ಯಾಟಲಾಗ್ ಬ್ಯಾರೆ, ಕೆಸರು ಬ್ಯಾರೆ. ಮತ್ತ ಈ ಸಲ ನೀವ ಹತ್ತಿ ನೋಡ್ರಿ."

ಅವತ್ತು ಸಂಜೆ ಅವಳು ಪದ್ಮನಾಭನಿಗೆ ಎಲ್ಲವನ್ನೂ ಹೇಳಿದಳು. ಅವನು ಲ್ಯಾಪ್‌ಟಾಪ್ ಮುಚ್ಚಿ ಕೇಳಿದ. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದ. ಅವಳು ಎದ್ದು ತಟ್ಟೆ ಹಾಕಿದಳು. ಅವನು ತನ್ನ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ ಊಟ ಮಾಡಿದ. ಎರಡು ದಿನ ಹಾಗೇ ಮಾಡಿದ.

ಕೊಸುಗೆ-ಸಾನ್‌ಗೆ ಕೆಸರಿನ ಮಾತು ವಿಚಿತ್ರವೆನಿಸಿದರೂ ತಮ್ಮದೇ ಕೊಯ್ದ ಗದ್ದೆಗೆ ಮೂರು ದಿನ ನೀರು ಬಿಟ್ಟರು. ನವೆಂಬರ್ ಮೊದಲ ವಾರ ಡೀಲರನ ಲಾರಿ ಎರಡು ಯಂತ್ರಗಳನ್ನು ಇಳಿಸಿತು. ಊರೆಲ್ಲ ಬದುವಿನ ಮೇಲೆ ಸಾಲಾಗಿ ನಿಂತಿತ್ತು. ಮಾಲತಿ ಮೊದಲು ಎರಡೂ ಗಾಡಿಗಳ ರೋಲ್ ಬಾರ್ ಹಿಡಿದು ಜಗ್ಗಿ ನೋಡಿದಳು, ಪಿನ್ನುಗಳನ್ನು ಬೆರಳಿಂದ ಮುಟ್ಟಿದಳು, ಬೆಲ್ಟು ಕಟ್ಟಿಕೊಂಡಳು. ಕೀಲಿ ತಿರುಗಿಸಿದಳು. ಇಂಜಿನ್ನಿನ ಅದುರು ಸೀಟಿನಿಂದ ಬೆನ್ನಿಗೆ ಹತ್ತಿತು.

ತಾನು ಆರಿಸಿದ್ದ ಟೈರಿನ ಗಾಡಿಯನ್ನೇ ಮೊದಲು ಇಳಿಸಿದಳು. ಒಂದು ಸುತ್ತು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಹಿಂದಿನ ಚಕ್ರ ಜಾರಿತು. ಮೂರನೆಯದರಲ್ಲಿ, ಸರಪಳಿ ಕಟ್ಟಿದ್ದರೂ, ಗಾಡಿ ತನ್ನ ಹಳ್ಳವನ್ನು ತಾನೇ ತೋಡಿಕೊಂಡು ಅಚ್ಚಿನವರೆಗೂ ಕೂತಿತು. ವೇಗ ಹೆಚ್ಚಿಸಿದಷ್ಟೂ ಆಳಕ್ಕೆ ಹೋಯಿತು. ಬದುವಿನ ಮೇಲೆ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. ಮೊಣಕಾಲಿನವರೆಗಿನ ಕೆಸರಿನಲ್ಲಿ ಇಳಿದು, ರಬ್ಬರ್ ಪಟ್ಟಿಯ ಗಾಡಿಯನ್ನು ಹತ್ತಿದಳು. ಅದು ನಿಧಾನ, ತಿರುಗಿಸಲು ಸೋಮಾರಿ, ತಿರುಗಿದಲ್ಲೆಲ್ಲ ನೆಲವನ್ನು ಕೆರೆಯಿತು. ಆದರೆ ಆರು ಸುತ್ತು ಹೋಗಿ, ಕೊನೆಗೆ ಹೂತು ಕೂತಿದ್ದ ಮೊದಲಿನ ಗಾಡಿಯನ್ನೂ ಹಗ್ಗ ಕಟ್ಟಿ ಎಳೆದುಕೊಂಡು ಬಂತು.

ಅಲ್ಲೇ ಬದುವಿನ ಮೇಲೆ, ಕೆಸರು ಮೆತ್ತಿದ ಪ್ಯಾಂಟಿನಲ್ಲಿ ನಿಂತು ಹೇಳಿದಳು: "ಸುಮಿಮಾಸೆನ್, ಕ್ಷಮಿಸಿ. ನನ್ನ ವರದಿ ತಪ್ಪು. ಪಟ್ಟಿಯದನ್ನು ತೆಗೆದುಕೊಳ್ಳಿ."

ಕೊಸುಗೆ-ಸಾನ್ ತಲೆಯಾಡಿಸಿದರು. ಎಲ್ಲರಿಗೂ ಸಮಾಧಾನವಾದ ಹಾಗಿತ್ತು. ಆಗ ಫುಮಿ-ಸಾನ್ ಮಾತೆತ್ತಿದರು. "ಆ ಕಮಾನು ಮರದ ಕೊಂಬೆಗಳಿಗೆ ತಾಗುವುದಿಲ್ಲವೇ? ಹಿಮ ಬಿದ್ದು ಗಟ್ಟಿಯಾದ ಮೇಲೆ ದಾರಿಯೇ ಆಳೆತ್ತರ ಮೇಲೇರುತ್ತದೆ."

ಮಾಲತಿ ಅದನ್ನು ಯೋಚಿಸಿಯೇ ಇರಲಿಲ್ಲ. ಬರಿ ನೆಲದಿಂದ ಅಳೆದಿದ್ದಳು.

"ಅದಕ್ಕೇನಂತೆ, ಕಮಾನು ಮಡಚುತ್ತದಲ್ಲ. ಕಾಡಿನೊಳಗೆ ಮಡಚಿಕೊಂಡು ಹೋದರಾಯಿತು," ಎಂದರು ಕೊಸುಗೆ-ಸಾನ್.

"ಇಲ್ಲ."

ಆ ಊರಿನಲ್ಲಿ ಯಾರೂ ಕೊಸುಗೆ-ಸಾನ್‌ಗೆ ಹಾಗೆ ಬರಿದೇ 'ಇಲ್ಲ' ಎಂದವರಿರಲಿಲ್ಲ. ಮಾಲತಿಗೆ ವಿನಯದ ಜಪಾನಿ ಪದಗಳು ಹುಡುಕಿದರೂ ಸಿಗಲಿಲ್ಲ. ಸಿಕ್ಕ ಪದಗಳಲ್ಲೇ ಹೇಳಿದಳು. "ನಾನು ಒಂದು ಸಲ ನೋಡದೆ ಸಹಿ ಹಾಕಿದೆ. ಕಮಾನು ಮಡಚಿತ್ತು. ಒಬ್ಬರ ಕಾಲು ಹೋಯಿತು. ಕಮಾನು ಮಡಚುವುದಾದರೆ ನಾನು ಸಹಿ ಹಾಕುವುದಿಲ್ಲ. ಕೊಂಬೆ ಕತ್ತರಿಸೋಣ."

"ಎರಡು ಕಿಲೋಮೀಟರ್?"

"ಹೌದು. ಎರಡು ಕಿಲೋಮೀಟರ್."

ಕೊಸುಗೆ-ಸಾನ್ ಬೂಟಿನ ಕೆಸರನ್ನು ಬದುವಿಗೆ ಒರೆಸಿಕೊಂಡರು. ಆಮೇಲೆ ಬೆನ್ನು ತಿರುಗಿಸಿ ಮನೆಗೆ ಹೋದರು. ಮಾಲತಿ ಆ ದಿನವೆಲ್ಲ ಅಡುಗೆಮನೆಯಿಂದ ಜಗುಲಿಗೆ, ಜಗುಲಿಯಿಂದ ಅಡುಗೆಮನೆಗೆ ತಿರುಗಿದಳು. "ಅವಮಾನ ಆಯ್ತು ಅನ್ಸುತ್ತೆ ಅವರಿಗೆ. ನಾನೇ ಹೋಗಿ ಸಾರಿ ಕೇಳ್ಲಾ?" ಎಂದು ಗಂಡನನ್ನು ನಾಲ್ಕು ಸಲ ಕೇಳಿದಳು.

"ಬೇಡ. ನೀನು ಹೇಳಿದ್ದು ಸರಿ," ಎಂದ ಪದ್ಮನಾಭ. "ಹಾಗೇ ಇರು."

ಮರುದಿನ ಬೆಳಗ್ಗೆ ಏಳೂವರೆಗೆ ಬಾಗಿಲಲ್ಲಿ ಉದ್ದ ಕೋಲಿನ ಗರಗಸ ಹಿಡಿದು ಕೊಸುಗೆ-ಸಾನ್ ನಿಂತಿದ್ದರು. ಅವರ ಹಿಂದೆ ಮತ್ತೆ ಐವರು. ಮೂರು ವಾರ ಆ ಕೆಲಸ ನಡೆಯಿತು. ಸರಾಸರಿ ವಯಸ್ಸು ಎಪ್ಪತ್ತು ದಾಟಿದ್ದ ಆ ಗುಂಪು ದಿನಕ್ಕೆ ನೂರು ಮೀಟರ್ ಕೊಂಬೆ ಕಡಿಯಿತು. ಮೀಟಿಂಗಿಲ್ಲದ ಹೊತ್ತಿನಲ್ಲಿ ಪದ್ಮನಾಭನೂ ಹೋಗಿ ಕೊಂಬೆಗಳನ್ನು ಎಳೆದು ರಾಶಿ ಹಾಕಿದ. ಕೊನೆಯ ದಿನ ಡೀಲರ್ ಬಿಟ್ಟುಹೋಗಿದ್ದ ಪಟ್ಟಿಯ ಗಾಡಿಯನ್ನು ಒರತೆಯವರೆಗೂ ಓಡಿಸಿ, ಮಾಲತಿ ಅರ್ಜಿಯ ಹಾಳೆಯನ್ನು ಅದರ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದಳು.

ಡಿಸೆಂಬರ್ ನಡುವಿನಲ್ಲಿ ಹಿಮ ಬಂತು. ಬಂದದ್ದು ನಿಲ್ಲಲಿಲ್ಲ. ಎರಡು ದಿನಕ್ಕೆ ಕಿಟಕಿಗಳ ಅರ್ಧ ಮುಚ್ಚಿತು, ಕೆಳಗಿನ ರಸ್ತೆಯಲ್ಲಿ ಲಾರಿಗಳು ಸಿಕ್ಕಿಬಿದ್ದ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು, ಊರಿಗೆ ಹಿಮ ಸರಿಸುವ ಸರ್ಕಾರಿ ಗಾಡಿ ಬರಲಿಲ್ಲ. ಮೂರನೆಯ ದಿನ ಬೆಳಗ್ಗೆ ಮಾಲತಿ ಅಕ್ಕಿ ತೊಳೆಯುತ್ತಿದ್ದಂತೆ ನಲ್ಲಿ ಎರಡು ಸಲ ಕೆಮ್ಮಿ ನಿಂತಿತು.

ಕೊಸುಗೆ-ಸಾನ್ ಛಾವಣಿಯ ಹಿಮ ಎಳೆಯುವಾಗ ಸೊಂಟ ಹಿಡಿದುಕೊಂಡು ಮಲಗಿದ್ದರು. ಹೋದವರು ಮಾಲತಿ ಮತ್ತು ಫುಮಿ-ಸಾನ್, ಇಬ್ಬರೇ. ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಸ್ನೋ ಬ್ಲೋವರ್ ಹಿಮವನ್ನು ನುಂಗಿ ಪಕ್ಕಕ್ಕೆ ಉಗುಳುತ್ತಿತ್ತು. ಹಿಂದಕ್ಕೆ ಓಡಿಸುತ್ತ ಮೇಲೇರಬೇಕಾದ್ದರಿಂದ ಮಾಲತಿಯ ಕತ್ತು ಅರ್ಧ ಗಂಟೆಯಲ್ಲೇ ಸೆಟೆಯಿತು. ಮುಂದೆ ಹೋಗಿ ಕೋಲು ಚುಚ್ಚಿ ದಾರಿಯ ಅಂಚನ್ನು ತೋರಿಸುವುದು ಫುಮಿ-ಸಾನ್ ಕೆಲಸ. ಕೋಲು ಎತ್ತಿದರೆ ನಿಲ್ಲು, ಇಳಿಸಿದರೆ ಬಾ. ಸೇತುವೆಯ ಮೇಲೆ ಫುಮಿ-ಸಾನ್ ಮಂಡಿಯೂರಿ ಕೈಯಿಂದಲೇ ಹಿಮ ಬಗೆದು, ತೊಲೆಗಳನ್ನು ಕಂಡ ಮೇಲೆ ಕೋಲು ಇಳಿಸಿದರು. ಬಂಡೆಯ ಹತ್ತಿರ ರಬ್ಬರ್ ಪಟ್ಟಿಯೊಂದು ಕಲ್ಲಿಗೆ ಉಜ್ಜಿ ಕಿರುಚಿದಾಗ ಮಾಲತಿ ಇಂಜಿನ್ ಆರಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಕೂತಳು. ಫುಮಿ-ಸಾನ್ ಹತ್ತಿರ ಬಂದು, ಥರ್ಮಾಸಿನಿಂದ ಒಂದು ಬಟ್ಟಲು ಬಿಸಿ ಮಿಸೋ ಸಾರು ಕೊಟ್ಟು, ಅವಳು ಕುಡಿಯುವವರೆಗೆ ಪಟ್ಟಿಗೂ ಬಂಡೆಗೂ ನಡುವಿನ ಹಿಮ ಬಗೆದರು. ಎರಡು ಕಿಲೋಮೀಟರಿಗೆ ನಾಲ್ಕು ಗಂಟೆ ಹಿಡಿಯಿತು.

ಜಾಲರಿಯ ಮೇಲೆ ಎಲೆಯೂ ಹಿಮವೂ ಸೇರಿ ಚಪ್ಪಡಿಯಾಗಿತ್ತು. ಇಬ್ಬರೂ ಸೇರಿ ಕಬ್ಬಿಣದ ಸಲಾಕೆಯಿಂದ ಒಡೆದರು. ನೀರು ಮೊದಲು ಗುಳುಗುಳು ಎಂದು, ಆಮೇಲೆ ಒಂದೇ ಸಮ ಪೈಪಿಗೆ ಇಳಿಯಿತು. ಕೆಳಗಿನಿಂದ ಪದ್ಮನಾಭನ ಫೋನ್ ಬಂತು. "ಬಂತು ಮಾಲತಿ, ನೀರು ಬಂತು! ಕೊಸುಗೆ-ಸಾನ್ ಮನೆಗೂ ಬಂದಿದೆಯಂತೆ." ಅವಳು "ಅನ್ನಕ್ಕಿಡು, ಬರ್ತೀವಿ" ಎಂದಳು.

ಹೊರಡುವಾಗ ಫುಮಿ-ಸಾನ್ ಟ್ರ್ಯಾಕ್ಟರಿನ ಪಕ್ಕ ನಿಂತು, ಗ್ಲೌಸಿನ ಕೈಯಿಂದ ಸೀಟಿನ ಹಿಮ ಒರೆಸಿದರು. "ಇಳಿಯುವಾಗ ನಾನು ಓಡಿಸುತ್ತೇನೆ. ಕಲಿಸು," ಎಂದರು. "ನೀವಿಬ್ಬರೂ ಮಾರ್ಚಿಗೆ ಹೋಗಿಬಿಡುತ್ತೀರಿ. ಒರತೆ ಹೋಗುವುದಿಲ್ಲ."

ಮಾಲತಿ ಕಲಿಸಿದಳು. ಕ್ಲಚ್ಚು, ಬ್ರೇಕು, ಬೆಲ್ಟು. ಹತ್ತುವ ಮೊದಲು ಯಾವ ಯಾವ ಪಿನ್ನನ್ನು ಬೆರಳಿಂದಲೇ ಮುಟ್ಟಿ ನೋಡಬೇಕು, ಎಲ್ಲವನ್ನೂ. ಫುಮಿ-ಸಾನ್ ಒಂದೊಂದನ್ನೂ ಜೋರಾಗಿ ಹೆಸರು ಹೇಳಿ ಮುಟ್ಟಿದರು. ಮೊದಲ ಐವತ್ತು ಮೀಟರ್ ಗಾಡಿ ಮುಗ್ಗರಿಸಿತು. ಆಮೇಲೆ ತೆರೆದ ದಾರಿಯಲ್ಲಿ ಸರಾಗವಾಗಿ ಇಳಿಯಿತು, ಬೇಕಾದ್ದಕ್ಕಿಂತ ತುಸು ಜೋರಾಗಿಯೇ. ಮಾಲತಿ ಹಿಂದಿನಿಂದ "ಯುಕ್ಕುರಿ, ಫುಮಿ-ಸಾನ್, ನಿಧಾನ!" ಎಂದು ಕನ್ನಡ ಜಪಾನಿ ಎರಡರಲ್ಲೂ ಕೂಗುತ್ತ, ಎರಡೂ ಬದಿಯ ಹಿಮದ ಗೋಡೆಗಳ ನಡುವೆ ಏದುಸಿರು ಬಿಡುತ್ತ ಓಡಿದಳು.